ಸೀಲ್ ಒಡೆದ ಕಾಟಾ: ಒಂದು ಸಣ್ಣ ಕಂಪನಿ ಲೋ-ಕೋಡ್ ಪ್ಲಾಟ್‌ಫಾರ್ಮ್ ಆರಿಸಿದ ಪ್ರಕರಣ

ಕಂಪನಿ ಇರುವುದು ಉತ್ತರ ಕರ್ನಾಟಕದ ಒಂದು ವ್ಯಾಪಾರದ ಊರಿನಲ್ಲಿ. ಎಲೆಕ್ಟ್ರಾನಿಕ್ ತೂಕದ ಮಷಿನ್ (ಅಲ್ಲಿನವರ ಬಾಯಲ್ಲಿ ಕಾಟಾ) ಮಾರುತ್ತಾರೆ, ರಿಪೇರಿ ಮಾಡುತ್ತಾರೆ, ವರ್ಷಕ್ಕೊಮ್ಮೆ ಸ್ಟಾಂಪಿಂಗ್ ಮಾಡಿಸಿ ಕೊಡುತ್ತಾರೆ. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ಸಂಖ್ಯೆಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದ್ದೇನೆ. ಲೋ-ಕೋಡ್ ಪ್ಲಾಟ್‌ಫಾರ್ಮ್, ಅಂದರೆ ಹೆಚ್ಚು ಕೋಡ್ ಬರೆಯದೆ ಆ್ಯಪ್ ಕಟ್ಟುವ ಸಾಧನ, ಆರಿಸಲು ನಾನು ಅಲ್ಲಿಗೆ ಸಲಹೆಗಾರನಾಗಿ ಹೋದವನು. ಇಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡದು ನನ್ನದೇ.

ಹಿನ್ನೆಲೆ

ಅಂಗಡಿಯಲ್ಲಿ ವ್ಯಾಪಾರಕ್ಕೆ ಬಳಸುವ ತೂಕದ ಮಷಿನ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಜನ ಇವತ್ತಿಗೂ ಅದನ್ನು ತೂಕ-ಅಳತೆ ಇಲಾಖೆ ಅಂತಲೇ ಕರೆಯುವುದು. 2009ರ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ಮಷಿನ್‌ಗೆ 12 ತಿಂಗಳಿಗೊಮ್ಮೆ ಪರಿಶೀಲನೆ ಆಗಬೇಕು. ಸೀಲಿನ ಮೇಲೆ ವರ್ಷದ ಜೊತೆ ಎ, ಬಿ, ಸಿ, ಡಿ ಎಂದು ಯಾವ ಮೂರು ತಿಂಗಳು ಅನ್ನುವುದರ ಅಕ್ಷರವೂ ಇರುತ್ತದೆ. ಇನ್ನೊಂದು ಮುಖ್ಯ ವಿಷಯ: ರಿಪೇರಿಗೆಂದು ಸೀಲ್ ಒಡೆದರೆ, ಹೊಸ ಮುದ್ರೆ ಬೀಳುವವರೆಗೆ ಆ ಮಷಿನ್‌ನಲ್ಲಿ ತೂಕ ಮಾಡಿ ಮಾರುವಂತಿಲ್ಲ. ಈ ಒಂದು ನಿಯಮ ಮುಂದೆ ನಮ್ಮೆಲ್ಲರ ತಲೆ ತಿಂದಿತು.

ಕಂಪನಿಯಲ್ಲಿ ಆಫೀಸಿಗೆ 4 ಜನ. ಬೈಕಿನ ಮೇಲೆ ಊರೂರು ಸುತ್ತುವ ಟೆಕ್ನಿಷಿಯನ್‌ಗಳು 11. ತಾಲೂಕುಗಳಲ್ಲಿ ಕಮಿಷನ್ ಮೇಲೆ ಕೆಲಸ ಮಾಡುವ ಏಜೆಂಟರು 23. ಸುಮಾರು 7,000 ಮಷಿನ್‌ಗಳ ಲೆಕ್ಕ ಒಂದು ಎಕ್ಸೆಲ್ ಫೈಲಿನಲ್ಲಿತ್ತು. ದೂರುಗಳು ಮೂರು ವಾಟ್ಸಾಪ್ ಗ್ರೂಪ್‌ಗಳಲ್ಲಿ ಬರುತ್ತಿದ್ದವು, ಬಿಲ್ ಟ್ಯಾಲಿಯಲ್ಲಿ ಆಗುತ್ತಿತ್ತು.

ಇದೆಲ್ಲವನ್ನೂ ತಲೆಯಲ್ಲಿ ಹೊತ್ತವರು ಆಫೀಸಿನ ಒಬ್ಬ ಅಕ್ಕ. ಯಾವ ಊರಿನ ಯಾವ ಅಂಗಡಿಯ ಮಷಿನ್ ಯಾವ ತಿಂಗಳಿಗೆ ಎಂಬುದು ಅವರಿಗೆ ಫೈಲ್ ತೆರೆಯದೆಯೇ ಗೊತ್ತು. ಅವರು ಮಗಳ ಬಾಣಂತನಕ್ಕೆಂದು ಎರಡು ತಿಂಗಳು ರಜೆ ಹಾಕಿದರು. ಆ ಎರಡು ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಮಷಿನ್‌ಗಳ ಅವಧಿ ಯಾರಿಗೂ ತಿಳಿಯದೆ ಮುಗಿದುಹೋಯಿತು. ಒಂದು ಕಿರಾಣಿ ಅಂಗಡಿಗೆ ಇನ್‌ಸ್ಪೆಕ್ಟರ್ ಬಂದು ಕೇಸ್ ಹಾಕಿದರು. ದಂಡ ಕಟ್ಟಿದ್ದು ಅಂಗಡಿಯವರು, ಬೈಸಿಕೊಂಡದ್ದು ಇವರು. "ನಿಮ್ಮನ್ನ ನಂಬಿ ಕುಂತಿದ್ವಿ ನೋಡ್ರಿ" ಅಂತ ಫೋನಿನಲ್ಲಿ ಕೂಗಿದ್ದನ್ನು ಮಾಲೀಕರು ನನಗೆ ಮೂರು ಸಲ ಹೇಳಿದ್ದಾರೆ.

ಮೊದಲ ಪ್ರಯತ್ನ, ಮನೆಯದೇ

ನಾನು ಹೋಗುವ ಮೊದಲೇ ಮಾಲೀಕರ ಅಣ್ಣನ ಮಗ ಒಂದು ಆ್ಯಪ್ ಮಾಡಿದ್ದ. ಇಮೇಲ್‌ಗಾಗಿ ಕಂಪನಿಯಲ್ಲಿ ಮೈಕ್ರೋಸಾಫ್ಟ್ 365 ಇತ್ತು. ಅದರ ಜೊತೆ ಪವರ್ ಆ್ಯಪ್ಸ್ ಎಂಬ ಲೋ-ಕೋಡ್ ಪ್ಲಾಟ್‌ಫಾರ್ಮ್ ಕೂಡ ಬರುತ್ತದೆ, ಸುಮ್ನೆ ಬಿಡುವುದೇಕೆ ಅಂತ ಅವನ ಲೆಕ್ಕ. ಡೇಟಾವನ್ನು ಮೈಕ್ರೋಸಾಫ್ಟ್‌ನದೇ ಆನ್‌ಲೈನ್ ಪಟ್ಟಿಯಾದ ಶೇರ್‌ಪಾಯಿಂಟ್ ಲಿಸ್ಟಿಗೆ ಹಾಕಿದ. ಎರಡು ವಾರದಲ್ಲಿ ನೋಡಲು ಚೆಂದದ ಆ್ಯಪ್ ಆಯಿತು. ಹುಡುಗ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕೆಲವು ಮಷಿನ್ ನಂಬರ್ ಹುಡುಕಿದರೆ "ಸಿಗಲಿಲ್ಲ" ಎಂದು ಬರುತ್ತಿತ್ತು. ಲಿಸ್ಟ್ ತೆರೆದು ನೋಡಿದರೆ ಅಲ್ಲೇ ಇದೆ! ಇದು ಬಗ್ ಅಲ್ಲ, ದಾಖಲೆಯಲ್ಲೇ ಬರೆದಿಟ್ಟ ಮಿತಿ. ಪವರ್ ಆ್ಯಪ್ಸ್‌ನಲ್ಲಿ ಇದರ ಹೆಸರು ಡೆಲಿಗೇಷನ್. ಹುಡುಕುವ ಕೆಲಸವನ್ನು ಆ್ಯಪ್ ಡೇಟಾ ಇರುವ ಕಡೆಗೇ ಒಪ್ಪಿಸುತ್ತದೆ. ಆ ಬಗೆಯ ಹುಡುಕಾಟ ಅಲ್ಲಿ ಆಗದಿದ್ದರೆ ಮೊದಲ 500 ಸಾಲು ತಂದು ಅಷ್ಟರಲ್ಲೇ ಹುಡುಕುತ್ತದೆ. ಸೆಟ್ಟಿಂಗ್ ಬದಲಿಸಿದರೆ 2,000 ತನಕ ಹೋಗುತ್ತದೆ. 7,000 ಮಷಿನ್ ಇದ್ದವರಿಗೆ 5,000 ಕಾಣುವುದೇ ಇಲ್ಲ. ಎಡಿಟರ್‌ನಲ್ಲಿ ಹಳದಿ ತ್ರಿಕೋನದ ಎಚ್ಚರಿಕೆ ಕಂಡಿತ್ತಂತೆ. ಹುಡುಗ 50 ಸಾಲಿನ ಮಾದರಿ ಡೇಟಾ ಇಟ್ಟುಕೊಂಡು ಪರೀಕ್ಷೆ ಮಾಡಿದ್ದ, ಎಲ್ಲವೂ ಸರಿ ಬಂದಿತ್ತು, ಎಚ್ಚರಿಕೆಯನ್ನು ಬದಿಗಿಟ್ಟ.

ಡೇಟಾವನ್ನು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಡೇಟಾವರ್ಸ್‌ಗೆ ಸಾಗಿಸಿದ್ದರೆ ಈ ತೊಂದರೆಯ ಬಹುಪಾಲು ಹೋಗುತ್ತಿತ್ತು. ಆದರೆ ಅದು ಪ್ರೀಮಿಯಂ. ಜೊತೆಗೆ ಬಂದ ಲೈಸೆನ್ಸ್ ಅಲ್ಲಿಗೆ ಸಾಲದು. ನಾವು ನೋಡಿದಾಗ ಒಬ್ಬ ಬಳಕೆದಾರರಿಗೆ ತಿಂಗಳಿಗೆ 20 ಡಾಲರ್ ಪಟ್ಟಿ ಬೆಲೆ ಇತ್ತು. "ಪುಕ್ಕಟೆ ಅಂದಿದ್ದಲ್ಲೋ" ಅಂತ ಮಾಲೀಕರು ಹುಡುಗನ ಮುಖ ನೋಡಿದರು. ಆಗ ನನಗೆ ಕರೆ ಬಂತು.

ನನ್ನ 42 ಸಾಲಿನ ಪಟ್ಟಿ

ಸಲಹೆಗಾರರು ಮಾಡುವ ಮೊದಲ ಕೆಲಸವನ್ನೇ ನಾನೂ ಮಾಡಿದೆ. ಒಂದು ಹೋಲಿಕೆ ಪಟ್ಟಿ ತಯಾರಿಸಿದೆ. ಮಾರುಕಟ್ಟೆ ದೊಡ್ಡದು. ಲೋ-ಕೋಡ್ ಎಂಬ ಹೆಸರನ್ನು ಫಾರೆಸ್ಟರ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಬಳಕೆಗೆ ತಂದದ್ದು 2014ರಲ್ಲಿ, ಆದರೆ ಅದಕ್ಕೂ ಮೊದಲೇ ಈ ಕೆಲಸ ನಡೆಯುತ್ತಿತ್ತು. ಪೋರ್ಚುಗಲ್‌ನ ಔಟ್‌ಸಿಸ್ಟಮ್ಸ್ ಹುಟ್ಟಿದ್ದು 2001ರಲ್ಲಿ. ನೆದರ್ಲೆಂಡ್ಸ್‌ನ ಮೆಂಡಿಕ್ಸ್ 2005ರದು, 2018ರಲ್ಲಿ ಸೀಮೆನ್ಸ್ ಅದನ್ನು ಕೊಂಡಿತು. ಚೆನ್ನೈನ ಜೋಹೊ ತನ್ನ ಕ್ರಿಯೇಟರ್ ಅನ್ನು 2006ರಲ್ಲೇ ತಂದಿತ್ತು. ಆ್ಯಪ್‌ಶೀಟ್ ಅನ್ನು ಗೂಗಲ್ ಕೊಂಡದ್ದು 2020ರ ಜನವರಿಯಲ್ಲಿ.

ಔಟ್‌ಸಿಸ್ಟಮ್ಸ್, ಮೆಂಡಿಕ್ಸ್ ಎರಡನ್ನೂ ಅರ್ಧ ಗಂಟೆಯಲ್ಲಿ ಬಿಟ್ಟೆವು. ಅವು ಬ್ಯಾಂಕು, ದೊಡ್ಡ ಕಾರ್ಖಾನೆಗಳಿಗೆ. ನಮ್ಮದು ಹದಿನೈದು ಜನರ ಕಂಪನಿ. ಮುಂಬೈನವರ ಫ್ರಾಪ್ಪೆ ಓಪನ್ ಸೋರ್ಸ್, ಪ್ರತಿ ಬಳಕೆದಾರನಿಗೆ ಲೈಸೆನ್ಸ್ ಹಣ ಇಲ್ಲ. ನನಗೆ ಅದರ ಮೇಲೆ ಪ್ರೀತಿಯೂ ಇದೆ. ಆದರೆ ಅದಕ್ಕೆ ಪೈಥಾನ್‌ನಲ್ಲಿ ಕೋಡ್ ಬರೆಯಲು ಗೊತ್ತಿರುವ ಒಬ್ಬರು ಬೇಕು. ಆ ಊರಿನಲ್ಲಿ ಪೈಥಾನ್ ಕಲಿತ ಹುಡುಗರು ಬೆಂಗಳೂರಿನ ಬಸ್ ಹತ್ತಿಯಾಗಿರುತ್ತದೆ.

ಕೊನೆಗೆ ಮೂರು ಉಳಿದವು: ಪವರ್ ಆ್ಯಪ್ಸ್, ಜೋಹೊ ಕ್ರಿಯೇಟರ್, ಆ್ಯಪ್‌ಶೀಟ್. 42 ಅಂಶಗಳ ಪಟ್ಟಿ ಮಾಡಿ ಮೂರಕ್ಕೂ ಟಿಕ್ ಹಾಕಿದೆ. ನೋಡಿದರೆ ಹೆಚ್ಚುಕಡಿಮೆ ಎಲ್ಲಕ್ಕೂ ಎಲ್ಲಾ ಟಿಕ್! ಮೊಬೈಲ್ ಆ್ಯಪ್ ಇದೆಯಾ, ಇದೆ. ಆಫ್‌ಲೈನ್ ಇದೆಯಾ, ಇದೆ. ಫೋಟೊ, ಕ್ಯೂಆರ್, ಪಿಡಿಎಫ್ ಎಲ್ಲವೂ ಇದೆ. ಮಾಲೀಕರಿಗೆ ತೋರಿಸಿದೆ. ಅವರು "ಹಂಗಾದ್ರ ಅಗ್ಗದ್ದು ಯಾವುದು?" ಅಂದರು. ಪಟ್ಟಿ ಹಾಗಿದ್ದರೆ ಬೇರೆ ಏನು ಕೇಳುತ್ತಾರೆ ಪಾಪ.

ಪಕ್ಕದಲ್ಲಿ ಕೂತಿದ್ದ ಅಕ್ಕ ಅಷ್ಟು ಹೊತ್ತು ಮಾತಾಡಿರಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿ ಕೇಳಿದರು: "ಸರ್, ಇದರಾಗ ಸೀಲ್ ಒಡದ ಕಾಟಾ ಎಲ್ಲೈತ್ರಿ?"

ಈ ಪ್ರಕರಣದ ಮೊದಲ ತಿರುವು ಆ ಪ್ರಶ್ನೆ.

ಕಷ್ಟದ ಒಂದು ಕೆಲಸ, ಮೂರು ಕಡೆ

ಅವರು ಕೇಳಿದ್ದರ ಅರ್ಥ ಹೀಗೆ. ಟೆಕ್ನಿಷಿಯನ್ ಒಂದು ಹಳ್ಳಿಗೆ ಹೋಗುತ್ತಾನೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಹಾಲಿನ ಡೇರಿಯ ಮಷಿನ್ ತಪ್ಪು ತೂಕ ತೋರಿಸುತ್ತಿದೆ. ಒಳಗೆ ಭಾರ ಅಳೆಯುವ ಭಾಗ, ಲೋಡ್ ಸೆಲ್, ಹೋಗಿದೆ. ಸೀಲ್ ಒಡೆದು ಹೊಸದು ಹಾಕುತ್ತಾನೆ. ಟೆಕ್ನಿಷಿಯನ್ ಲೆಕ್ಕದಲ್ಲಿ ದೂರು ಮುಗಿಯಿತು. ಬಿಲ್ ಮಾಡುವವರ ಲೆಕ್ಕದಲ್ಲೂ ಮುಗಿಯಿತು. ಅಕ್ಕನ ಲೆಕ್ಕದಲ್ಲಿ ಅದು ಈಗಷ್ಟೇ ಶುರುವಾಯಿತು. ಹಳೆಯ ಅವಧಿ ರದ್ದಾಗಬೇಕು, ಮಷಿನ್ "ಮುದ್ರೆ ಬಾಕಿ" ಪಟ್ಟಿಗೆ ಬರಬೇಕು, ಮುದ್ರೆ ಬಿದ್ದ ದಿನದಿಂದ ಹೊಸ 12 ತಿಂಗಳು ಎಣಿಸಬೇಕು. ಎಕ್ಸೆಲ್‌ನಲ್ಲಿ ಇದ್ದದ್ದು ಒಂದೇ ಕಾಲಂ: "ಮುಗಿದಿದೆ / ಬಾಕಿ ಇದೆ". ಯಾರ ಮುಗಿದಿದೆ?

ಆಮೇಲೆ ಲೆಕ್ಕ ಹಾಕಿದೆವು. ಅಕ್ಕ ರಜೆಯಲ್ಲಿದ್ದಾಗ ತಪ್ಪಿಹೋದ ಮಷಿನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ವರ್ಷದ ನಡುವೆ ಸೀಲ್ ಒಡೆದವು. ಅಂದರೆ ಪ್ಲಾಟ್‌ಫಾರ್ಮ್ ಆರಿಸುವ ಮೊದಲು ಒಂದು ಪದದ ಅರ್ಥ ತೀರ್ಮಾನ ಆಗಬೇಕಿತ್ತು.

ಪಟ್ಟಿಯನ್ನು ಮಡಚಿಟ್ಟೆ. ಈ ಒಂದು ಕೆಲಸವನ್ನೇ ಮೂರರಲ್ಲೂ ಕಟ್ಟಿ ನೋಡೋಣ ಅಂದುಕೊಂಡೆವು. ತಲಾ ಮೂರು ದಿನ. ಕಟ್ಟುವವನು ಅಣ್ಣನ ಮಗ, ನಾನು ಪಕ್ಕದಲ್ಲಿ ಕೂರುವವನು ಮಾತ್ರ. ಮುಂದೆ ನೋಡಿಕೊಳ್ಳುವವನು ಅವನೇ ತಾನೆ? ಡೇಟಾ ಪೂರ್ತಿ 7,000 ಸಾಲು, ಮಾದರಿ ಡೇಟಾ ಬೇಡ. ಪರೀಕ್ಷೆಗೆ ಟೆಕ್ನಿಷಿಯನ್ ಫೋನು, ಅದೂ ಏರೋಪ್ಲೇನ್ ಮೋಡ್‌ನಲ್ಲಿ.

ಪವರ್ ಆ್ಯಪ್ಸ್‌ನಲ್ಲಿ ಫಾರ್ಮ್ ಅತ್ಯಂತ ಚೆಂದ ಬಂತು. ಪರದೆಯ ಮೂಲೆ ಮೂಲೆಯೂ ನಮ್ಮ ಕೈಯಲ್ಲಿತ್ತು. ಆದರೆ ಡೇಟಾವರ್ಸ್ ಇಲ್ಲದೆ ಆಫ್‌ಲೈನ್ ಬೇಕೆಂದರೆ ಫೋನಿನಲ್ಲಿ ಉಳಿಸುವುದು, ಮತ್ತೆ ಓದುವುದು, ಆಮೇಲೆ ಕಳಿಸುವುದು ಎಲ್ಲವನ್ನೂ ನಾವೇ ಬರೆಯಬೇಕು. ಮೂರು ದಿನದಲ್ಲಿ ಮುಗಿಯಲಿಲ್ಲ.

ಜೋಹೊ ಕ್ರಿಯೇಟರ್‌ನಲ್ಲಿ ನಿಯಮದ ಭಾಗ ಸಲೀಸಾಗಿ ಆಯಿತು. ಅದಕ್ಕೆ ಡೆಲ್ಯೂಜ್ ಎಂಬ ಸ್ವಂತ ಸ್ಕ್ರಿಪ್ಟ್ ಇದೆ. "ಸೀಲ್ ಒಡೆದಿದೆ ಎಂದು ಗುರುತು ಬಿದ್ದರೆ ಹಳೆಯ ದಿನಾಂಕ ಅಳಿಸು, ಬಾಕಿ ಪಟ್ಟಿಗೆ ಸೇರಿಸು" ಅನ್ನುವುದನ್ನು ಹೆಚ್ಚುಕಡಿಮೆ ಹೇಳಿದ ಹಾಗೆಯೇ ಬರೆಯಬಹುದು. ಡೇಟಾ ಅದರದೇ ಡೇಟಾಬೇಸಿನಲ್ಲಿ ಇರುತ್ತದೆ, ಭಾರತದಲ್ಲೇ ಡೇಟಾ ಸೆಂಟರ್ ಇದೆ. ಹುಡುಗನಿಗೆ ಡೆಲ್ಯೂಜ್ ಹಿಡಿಯಲು ಸಮಯ ಬೇಕಿತ್ತು. ಅಕ್ಕನಿಗೆ ಶೀಟ್ ಕೈತಪ್ಪಿತು ಅನ್ನಿಸಿತು. ಅದು ಸಣ್ಣ ವಿಷಯ ಅಂತ ಆಗ ನಾನು ಅಂದುಕೊಳ್ಳಲಿಲ್ಲ. ಈಗ ಯೋಚಿಸಿದರೆ ಆ ಅಂಜಿಕೆಗೆ ಜಾಸ್ತಿ ಬೆಲೆ ಕೊಟ್ಟೆವೇನೋ ಅನ್ನಿಸುತ್ತದೆ.

ಆ್ಯಪ್‌ಶೀಟ್ ನೇರವಾಗಿ ಗೂಗಲ್ ಶೀಟ್ ಮೇಲೆಯೇ ಕೂರುತ್ತದೆ. ಕಾಲಂ ನೋಡಿ ತಾನೇ ಪರದೆ ಮಾಡಿಕೊಡುತ್ತದೆ. ಪರದೆಯ ಅಂದ ಅಷ್ಟಕ್ಕಷ್ಟೇ, ಬದಲಿಸಲು ಹೋದರೆ ಕೈ ಕಟ್ಟಿದಂತೆ. ಆದರೆ ಏರೋಪ್ಲೇನ್ ಮೋಡ್‌ನಲ್ಲಿ ನಮೂದು ಹಾಕಿ, ಫೋಟೊ ತೆಗೆದು, ಆಮೇಲೆ ನೆಟ್‌ವರ್ಕ್ ಬಂದಾಗ ಸಿಂಕ್ ಆಗುವುದು ಮೊದಲ ದಿನವೇ ಕೆಲಸ ಮಾಡಿತು. ಟೆಕ್ನಿಷಿಯನ್ ಒಬ್ಬ ಸೀಸದ ಸೀಲಿನ ಫೋಟೊ ತೆಗೆದು, ತಂತಿಯ ಪಕ್ಕದ "ಬಿ" ಅಕ್ಷರ ಹಿಗ್ಗಿಸಿ ನೋಡಿ "ಕಾಣ್ತದ ನೋಡ್ರಿ" ಅಂದ.

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಸರ್ವಿಸ್ ಚೀಟಿಯ ಪಿಡಿಎಫ್ ಕನ್ನಡದಲ್ಲಿ ತೆಗೆದೆವು. ಮೂರರಲ್ಲಿ ಒಂದು ಕಡೆ, ನಾವು ಮಾಡಿದ ಟೆಂಪ್ಲೇಟಿನಲ್ಲಿ, "ಲಕ್ಷ್ಮೀ" ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದಳು. ಫಾಂಟ್ ಬದಲಿಸಿದ ಮೇಲೆ ಸರಿಯಾಯಿತು. ಕನ್ನಡದಲ್ಲಿ ಮುದ್ರಿಸುವ ಉದ್ದೇಶ ಇದ್ದರೆ ಇದನ್ನು ಮೊದಲ ದಿನವೇ ನೋಡಿ.

ಬಳಕೆದಾರ ಅಂದರೆ ಯಾರು

ಬೆಲೆಯ ಮಾತು ಬಂದಾಗ ಗೊತ್ತಾದದ್ದು ಇದು: ದರಪಟ್ಟಿಯಲ್ಲಿರುವ ಅಂಕಿಗಿಂತ ಬಳಕೆದಾರರ ಎಣಿಕೆಯೇ ದೊಡ್ಡ ವಿಷಯ. ಆಫೀಸು, ಟೆಕ್ನಿಷಿಯನ್ ಸೇರಿ 15. ಏಜೆಂಟರನ್ನು ಸೇರಿಸಿದರೆ 38. ಆ್ಯಪ್‌ಶೀಟ್‌ನ ಕೋರ್ ಎಂಬ ಪ್ಲಾನ್‌ಗೆ ಆಗ ತಲೆಗೆ ತಿಂಗಳಿಗೆ 10 ಡಾಲರ್. 15ಕ್ಕೆ 150, 38ಕ್ಕೆ 380. ಏಜೆಂಟರು ಮಾಡುವುದೇನು? ತಿಂಗಳಿಗೊಮ್ಮೆ ಬಾಕಿ ಪಟ್ಟಿ ನೋಡುವುದು, ನಾಲ್ಕೈದು ನಮೂದು ಹಾಕುವುದು.

"ಒಂದ ಲಾಗಿನ್ ಮಾಡಿ ಎಲ್ಲಾರಿಗೂ ಕೊಟ್ಟಬಿಡ್ರಿ" ಅಂದರು ಮಾಲೀಕರು. ಎಲ್ಲಾ ಸಣ್ಣ ಕಂಪನಿಗಳಲ್ಲೂ ಈ ಮಾತು ಬಂದೇ ಬರುತ್ತದೆ. ಲೈಸೆನ್ಸ್ ನಿಯಮದ ಪ್ರಕಾರ ತಪ್ಪು, ಅದು ಒಂದು. ಅವರಿಗೆ ನಾಟಿದ್ದು ಇನ್ನೊಂದು: ನಾಳೆ ಯಾರಾದರೂ ಸೀಲ್ ಬಗ್ಗೆ ಸುಳ್ಳು ನಮೂದು ಹಾಕಿದರೆ 23 ಜನರಲ್ಲಿ ಯಾರು ಅಂತ ಹೇಗೆ ಹಿಡಿಯುವುದು? ಇಲಾಖೆಯ ರಿಪೇರಿ ಲೈಸೆನ್ಸ್ ಇರುವುದು ಕಂಪನಿಯ ಹೆಸರಿನಲ್ಲಿ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಏಜೆಂಟರಿಗೆ ಆ್ಯಪ್ ಬೇಡ ಎಂದು ತೀರ್ಮಾನಿಸಿದೆವು. ಸೋಮವಾರ ಬೆಳಿಗ್ಗೆ ಅವರವರ ತಾಲೂಕಿನ ಬಾಕಿ ಪಟ್ಟಿ ಪಿಡಿಎಫ್ ಆಗಿ ಇಮೇಲಿಗೆ, ಅಲ್ಲಿಂದ ವಾಟ್ಸಾಪಿಗೆ. ನಮೂದಿಗೆ ಒಂದು ಗೂಗಲ್ ಫಾರ್ಮ್. 23 ಲೈಸೆನ್ಸ್ ಉಳಿಯಿತು.

ಇನ್ನೊಂದು ವಿಚಿತ್ರ. ಕಂಪನಿಗಳಿಗೆ ಇಮೇಲ್, ಶೀಟ್ ಎಲ್ಲ ಒಟ್ಟಿಗೆ ಕೊಡುವ ಗೂಗಲ್ ವರ್ಕ್‌ಸ್ಪೇಸ್‌ನ ಹೆಚ್ಚಿನ ಪ್ಲಾನ್‌ಗಳ ಜೊತೆ ಆ್ಯಪ್‌ಶೀಟ್ ಕೋರ್ ಸೇರಿಯೇ ಬರುತ್ತದೆ. ನಮಗೆ ಸಿಕ್ಕ ದರದಲ್ಲಿ ಇಡೀ ವರ್ಕ್‌ಸ್ಪೇಸ್, ಬಿಡಿ ಲೈಸೆನ್ಸ್‌ಗಿಂತ ಅಗ್ಗವಾಯಿತು! ಟೆಕ್ನಿಷಿಯನ್‌ಗಳಿಗೆ ಕಂಪನಿ ಇಮೇಲ್ ಕೂಡ ಸಿಕ್ಕಿತು. ಅಷ್ಟರವರೆಗೆ ಆ್ಯಪ್, ಶೀಟ್, ಫೋಟೊಗಳೆಲ್ಲ ಅಣ್ಣನ ಮಗನ ಸ್ವಂತ ಜಿಮೇಲ್‌ನಲ್ಲಿದ್ದವು. ಅವನಿಗೆ ಪುಣೆಯಲ್ಲಿ ಕೆಲಸ ಸಿಗುವ ಮಾತು ನಡೆಯುತ್ತಿತ್ತು ಅಂತ ನಮಗೆ ಗೊತ್ತಾದದ್ದು ಖಾತೆ ಬದಲಿಸಿದ ಮೇಲೆ.

ಮೆಣಸಿನಕಾಯಿ ಸೀಸನ್‌ನಲ್ಲಿ ಆದದ್ದು

ಆ್ಯಪ್‌ಶೀಟ್ ಆರಿಸಿ, 11 ಟೆಕ್ನಿಷಿಯನ್‌ಗಳಿಗೂ ಒಂದೇ ಸಲ ಕೊಟ್ಟೆವು. ಆರು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಏಳನೇ ವಾರ, ಮೆಣಸಿನಕಾಯಿ ಸೀಸನ್ ಜೋರಾಗಿದ್ದಾಗ, ಬಂಗಾರದ ಅಂಗಡಿಯವರೊಬ್ಬರು ಫೋನ್ ಮಾಡಿದರು. ಅವರ ಸಣ್ಣ ಮಷಿನ್‌ನ ದಾಖಲೆಯಲ್ಲಿ ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾದ ಫೋಟೊ. ಕೆಳಗೆ "ಸೀಲ್ ಒಡೆದಿದೆ, ಮುದ್ರೆ ಬಾಕಿ". ಅವರ ಸೀಲ್ ಗಟ್ಟಿಯಾಗಿಯೇ ಇತ್ತು. ಇನ್ನೊಂದು ಕಡೆ, ನಿಜವಾಗಿ ಸೀಲ್ ಒಡೆದ ಕಾಟಾ ದಾಖಲೆಯಲ್ಲಿ ಸರಿಯಾಗಿದೆ ಎಂದು ತೋರಿಸುತ್ತಾ ಮಾರುಕಟ್ಟೆ ಯಾರ್ಡಿನಲ್ಲಿ ದಿನವಿಡೀ ತೂಗುತ್ತಿತ್ತು.

ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ಪ್ರತಿ ಸಾಲನ್ನೂ ಗುರುತಿಸಲು ಆ್ಯಪ್‌ಶೀಟ್‌ಗೆ ಒಂದು ಕೀ ಬೇಕು. ಮಷಿನ್‌ನ ಸೀರಿಯಲ್ ನಂಬರ್ ಇಡೋಣ ಎಂದರೆ ಅದು ಒಂದೇ ಅಲ್ಲ. ಬೇರೆ ಬೇರೆ ತಯಾರಕರ ಮಷಿನ್‌ಗಳಲ್ಲಿ ಅದೇ ನಂಬರ್ ಬರುತ್ತದೆ. ಸದ್ಯಕ್ಕಿರಲಿ ಎಂದು ನಾನು ಸಾಲಿನ ಸಂಖ್ಯೆಯನ್ನೇ ಕೀ ಮಾಡಿದ್ದೆ. ಹಾಗೆ ಮಾಡಬೇಡಿ ಅಂತ ಆ್ಯಪ್‌ಶೀಟ್‌ನ ಸಹಾಯ ಪುಟದಲ್ಲಿಯೇ ಇದೆ. ಓದಿದ್ದೆ. ಆಮೇಲೆ ಸರಿಮಾಡೋಣ ಅಂದುಕೊಂಡಿದ್ದೆ.

ಅಂದು ಬೆಳಿಗ್ಗೆ ಟೆಕ್ನಿಷಿಯನ್‌ಗಳು ಡೇಟಾ ಇಳಿಸಿಕೊಂಡು ಹಳ್ಳಿಗಳಿಗೆ ಹೋದರು. ಸಂಜೆ ನಾಲ್ಕಕ್ಕೆ ಅಕ್ಕ ಯಾವತ್ತಿನ ಹಾಗೆ ಶೀಟನ್ನು ತಾಲೂಕಿನ ಪ್ರಕಾರ ಸಾರ್ಟ್ ಮಾಡಿದರು. ಎಕ್ಸೆಲ್ ಕಾಲದಿಂದ ಅವರ ರೂಢಿ ಅದು. ಆರು ಗಂಟೆಗೆ ಹುಡುಗರು ನೆಟ್‌ವರ್ಕ್‌ಗೆ ಬಂದರು, ಸಿಂಕ್ ಆಯಿತು. 1,204ನೇ ಸಾಲಿಗೆ ಬರೆಯಬೇಕಾದ್ದು 1,204ನೇ ಸಾಲಿಗೇ ಹೋಯಿತು. ಆದರೆ ಅಲ್ಲಿ ಈಗ ಬೇರೆಯವರ ಮಷಿನ್ ಕೂತಿತ್ತು. ಒಟ್ಟು 31 ನಮೂದು ಹೀಗೆ ತಪ್ಪು ಮನೆ ಸೇರಿದ್ದವು.

ಅಕ್ಕ ಅಳುವ ಹಾಗಾಗಿದ್ದರು. "ಅಕ್ಕಾರ, ತಪ್ಪು ನಿಮ್ಮದಲ್ಲ, ನಂದು" ಅಂತ ಎಲ್ಲರ ಎದುರೇ ಹೇಳಿದೆ. ಗೂಗಲ್ ಶೀಟ್‌ನ ಹಳೆಯ ಆವೃತ್ತಿ ತೆಗೆದು, ಆ್ಯಪ್‌ನ ಆಡಿಟ್ ದಾಖಲೆ ಪಕ್ಕದಲ್ಲಿಟ್ಟು, ಒಂದೊಂದಾಗಿ ಸರಿಮಾಡಿದೆವು. ಯಾರ್ಡಿನ ಕಾಟಾಕ್ಕೆ ಮರುದಿನ ಬೆಳಿಗ್ಗೆ ಟೆಕ್ನಿಷಿಯನ್ ಹೋಗಿ "ಮುದ್ರೆ ಬೀಳೂತನಕ ಬಳಸಬ್ಯಾಡ್ರಿ" ಎಂದು ಹೇಳಿ ಬದಲಿ ಮಷಿನ್ ಇಟ್ಟು ಬಂದ.

ಆಮೇಲೆ ಪ್ರತಿ ಮಷಿನ್‌ಗೂ ಎಂದೂ ಬದಲಾಗದ ಒಂದು ಗುರುತು ಕೊಟ್ಟೆವು. ಅದನ್ನೇ ಕ್ಯೂಆರ್ ಸ್ಟಿಕ್ಕರ್ ಮಾಡಿ ಅಂಟಿಸಿದೆವು. ಮೊದಲು ಡಿಸ್‌ಪ್ಲೇ ಪಕ್ಕದಲ್ಲಿ ಅಂಟಿಸಿದ್ದು. ತರಕಾರಿ, ಮೀನಿನ ಅಂಗಡಿಗಳಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಎರಡೇ ತಿಂಗಳಲ್ಲಿ ಬಿಳಿ ಕಾಗದ ಉಳಿಯಿತು. ಈಗ ತಟ್ಟೆ ಎತ್ತಿದರೆ ಅದರ ಕೆಳಗೆ ಇರುತ್ತದೆ. ಮುಖ್ಯ ಶೀಟಿಗೆ ಬೀಗ ಹಾಕಿದೆವು, ಅಕ್ಕನಿಗೆ ಫಿಲ್ಟರ್ ವ್ಯೂ ಮಾಡಿಕೊಟ್ಟೆವು. ಅಲ್ಲಿ ಎಷ್ಟು ಸಾರ್ಟ್ ಮಾಡಿದರೂ ಅಸಲಿ ಸಾಲುಗಳು ಅಲುಗುವುದಿಲ್ಲ.

ಒಂದು ವರ್ಷದ ನಂತರ

ಮುಂದಿನ ವರ್ಷ ಅಕ್ಕ ಮೂರು ವಾರ ತೀರ್ಥಯಾತ್ರೆಗೆ ಹೋದರು. ಆ ಮೂರು ವಾರದಲ್ಲಿ ಅವಧಿ ತಪ್ಪಿದ್ದು ಎರಡು ಮಷಿನ್. ಎರಡೂ ಅಂಗಡಿ ಮುಚ್ಚಿದವರದು.

ಸಿಂಕ್ ಮಾತ್ರ ನಿಧಾನವಾಯಿತು. ಭೇಟಿಗಳ ಶೀಟ್ ಬೆಳೆಯುತ್ತಲೇ ಹೋಯಿತು. ಪ್ರತಿಯೊಬ್ಬ ಟೆಕ್ನಿಷಿಯನ್‌ಗೆ ಅವನ ತಾಲೂಕಿನ ಸಾಲು ಮಾತ್ರ ಹೋಗುವಂತೆ ಫಿಲ್ಟರ್ ಹಾಕಿದೆವು. ಫೋನಿನ ಹೊರೆ ಇಳಿಯಿತು. ಆದರೆ ಸ್ಪ್ರೆಡ್‌ಶೀಟ್ ಆದಾಗ ಸರ್ವರ್ ಮೊದಲು ಇಡೀ ಶೀಟ್ ಓದಿಯೇ ಸೋಸುತ್ತದೆ, ಹಾಗಾಗಿ ಲಾಭ ಅರ್ಧ. ಕೊನೆಗೆ ಹಳೆಯ ವರ್ಷದ ಭೇಟಿಗಳನ್ನು ಬೇರೆ ಫೈಲಿಗೆ ಎತ್ತಿಟ್ಟೆವು. ಇದನ್ನು ಪ್ರತಿ ಏಪ್ರಿಲ್‌ನಲ್ಲಿ ಮಾಡಬೇಕು. ಇಂದು ಮೊದಲಿನಿಂದ ಶುರುಮಾಡುವುದಾದರೆ, ಇಷ್ಟು ಸಾಲು ಇರುವವರಿಗೆ ಸ್ವಂತ ಡೇಟಾಬೇಸ್ ಇರುವ ಪ್ಲಾಟ್‌ಫಾರ್ಮ್ ಕಡೆಗೇ ನಾನು ವಾಲುತ್ತೇನೆ.

ಹೊರಗೆ ಬರುವ ದಾರಿಯ ಬಗ್ಗೆಯೂ ಒಂದು ಮಾತು. ಗೂಗಲ್ 2016ರಲ್ಲಿ ಆ್ಯಪ್ ಮೇಕರ್ ಎಂಬ ಇಂಥದ್ದೇ ಪ್ಲಾಟ್‌ಫಾರ್ಮ್ ತಂದಿತ್ತು. 2021ರ ಜನವರಿ 19ಕ್ಕೆ ಅದನ್ನು ಮುಚ್ಚಿತು. ಡೇಟಾ ಉಳಿಸಿಕೊಳ್ಳಬಹುದಿತ್ತು, ಕಟ್ಟಿದ ಆ್ಯಪ್‌ಗಳನ್ನು ಬೇರೆ ಕಡೆ ಮತ್ತೆ ಕಟ್ಟಬೇಕಾಯಿತು. ಅದನ್ನು ನೆನಪಿಟ್ಟುಕೊಂಡು ಒಂದು ನೋಟ್‌ಬುಕ್ ಮಾಡಿಸಿದೆ. ಆ್ಯಪ್‌ನಲ್ಲಿರುವ ಪ್ರತಿಯೊಂದು ನಿಯಮವೂ ಅದರಲ್ಲಿ ಕನ್ನಡದಲ್ಲಿ ಇದೆ. ಬರೆದವರು ಅಕ್ಕ. ಮೊದಲ ಪುಟದ ಮೊದಲ ಸಾಲು: "ರಿಪೇರಿ ಮುಗಿತು ಅಂದ್ರ ಕೆಲಸ ಮುಗಿತು ಅಂತಲ್ಲ, ಸೀಲ್ ಕೇಳಬೇಕು." ಅಣ್ಣನ ಮಗ ಪುಣೆಗೆ ಹೋದ ಮೇಲೆ ಬಂದ ಹುಡುಗಿ ಆ ನೋಟ್‌ಬುಕ್ ಓದಿಯೇ ಆ್ಯಪ್ ಅರ್ಥಮಾಡಿಕೊಂಡಳು.

ಕಳೆದ ತಿಂಗಳು ಮಾಲೀಕರು ಮತ್ತೆ ಫೋನ್ ಮಾಡಿದ್ದರು. ಗಿರಾಕಿಗಳೇ ತಮ್ಮ ಮಷಿನ್‌ನ ಅವಧಿ ನೋಡಿಕೊಳ್ಳುವಂತೆ ಆಗಬೇಕಂತೆ. ಗಿರಾಕಿಗಳು ಸುಮಾರು 5,000. ತಲೆಗಿಷ್ಟು ಎಂದು ಎಣಿಸುವ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಹೊರಗಿನವರಿಗೆ ಪೋರ್ಟಲ್ ಕೊಡುವ ಪ್ಲಾಟ್‌ಫಾರ್ಮ್‌ಗಳನ್ನು ನೋಡುತ್ತಿದ್ದೇವೆ, ಜೋಹೊ ಕ್ರಿಯೇಟರ್ ಮತ್ತೆ ಮೇಜಿನ ಮೇಲಿದೆ. ಈ ಸಲ ಹೋಲಿಕೆ ಪಟ್ಟಿ ಮಾಡಿಲ್ಲ. ಅಕ್ಕ ಕಷ್ಟದ ಕೆಲಸ ಯಾವುದು ಎಂದು ಆಗಲೇ ಹೇಳಿದ್ದಾರೆ: ಒಂದೇ ಅಂಗಡಿ, ಅಣ್ಣ ತಮ್ಮ ಬೇರೆಯಾಗಿದ್ದಾರೆ, ಮೂರು ಕಾಟಾ, ಹಳೆಯ ಫೋನ್ ನಂಬರ್ ಅಣ್ಣನ ಹತ್ತಿರ ಇದೆ. ಯಾವ ಕಾಟಾ ಯಾರಿಗೆ ಕಾಣಬೇಕು?